ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಬದಲಾವಣೆ: ಮನೆಯಂಗಳದ ಕೆಲಸವಾಗಿ

ಕಾರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಯನ್ನು ಕ್ಯಾಮ್ ಶಾಫ್ಟಿಗೆ ಮುಟ್ಟಿಸುವ ಹಲ್ಲುಳ್ಳ ರಬ್ಬರ್ ಪಟ್ಟಿ ಟೈಮಿಂಗ್ ಬೆಲ್ಟ್. ಇಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಒಯ್ಯುವ ಕೂಲೆಂಟನ್ನು ಒಳಗೆ ಸುತ್ತಿಸುತ್ತಿರುವುದು ವಾಟರ್ ಪಂಪ್. ಒಂದು ವಾಲ್ವ್‌ಗಳ ಕಾಲ ಕಾಯುತ್ತದೆ, ಇನ್ನೊಂದು ಶಾಖ ಸಾಗಿಸುತ್ತದೆ. ಮಾಡುವ ಕೆಲಸ ಬೇರೆಯಾದರೂ ಹಲವು ಇಂಜಿನ್‌ಗಳಲ್ಲಿ ಎರಡೂ ಒಂದೇ ಕವರಿನ ಹಿಂದೆ ಕೂತಿರುತ್ತವೆ, ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಆದ್ದರಿಂದ ಒಂದಕ್ಕೆ ಕೈ ಹಾಕಿದವರು ಇನ್ನೊಂದನ್ನೂ ಬದಲಿಸುವುದು ವಾಡಿಕೆಯಾಗಿದೆ.

ಗ್ಯಾರೇಜಿನಲ್ಲಿ ಇದಕ್ಕೆ ಆಗುವ ಖರ್ಚಿನಲ್ಲಿ ದೊಡ್ಡ ಪಾಲು ಮಜೂರಿಯದು. ಬೆಲ್ಟಿನವರೆಗೆ ತಲುಪಲು ಚಕ್ರ, ಕವರು, ಹೊರಗಿನ ಬೆಲ್ಟುಗಳು, ಕೆಲವೊಮ್ಮೆ ಇಂಜಿನ್ ಮೌಂಟನ್ನೇ ಬಿಚ್ಚಬೇಕಾಗುತ್ತದೆ. ಸಲಕರಣೆ, ಸಮಯ, ತಾಳ್ಮೆ ಮೂರೂ ಇರುವವರು ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಲೋಕದ ಹಲವೆಡೆ ಮಾಡಿಕೊಳ್ಳುತ್ತಲೂ ಇದ್ದಾರೆ. ಈ ಕೆಲಸದಲ್ಲಿ ಬೋಲ್ಟು ಬಿಚ್ಚಿ ಹಾಕುವುದು ಕಷ್ಟವಲ್ಲ. ಬೆಲ್ಟು ಇಲ್ಲದಿರುವ ಹೊತ್ತಿನಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ನಡುವಿನ ಕೋನ ಒಂದಿಷ್ಟೂ ಅಲುಗದಂತೆ ಕಾಪಾಡುವುದೇ ಇದರ ತಿರುಳು. ಮುಂದೆ ಹೇಳುವ ಬಹುಪಾಲು ಎಚ್ಚರಿಕೆಗಳು ಅದೊಂದರಿಂದಲೇ ಹುಟ್ಟಿದವು.

ಕೋನದ ಲೆಕ್ಕ

ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಗಾಳಿ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಹೊರಹಾಕುವುದು ಎಂಬ ಸರಣಿ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ವಾಲ್ವ್ ಒಮ್ಮೆ ಮಾತ್ರ ತೆರೆಯಬೇಕು. ಹಾಗಾಗಿ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ, ಅದರ ಪುಲ್ಲಿಯಲ್ಲಿ ಕ್ರ್ಯಾಂಕ್ ಪುಲ್ಲಿಯ ಎರಡರಷ್ಟು ಹಲ್ಲುಗಳಿರುತ್ತವೆ. ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಕಿಲೋಮೀಟರಿಗೆ ಸರಾಸರಿ 2000 ಸುತ್ತು ಎಂದು ಹಿಡಿದರೂ ಒಂದು ಲಕ್ಷ ಕಿಲೋಮೀಟರಿಗೆ ಕ್ರ್ಯಾಂಕ್ 20 ಕೋಟಿ ಸುತ್ತು ಹೊಡೆದಿರುತ್ತದೆ. ಅಷ್ಟೂ ಹೊತ್ತು ಬೆಲ್ಟು ಒಂದು ಹಲ್ಲನ್ನೂ ಜಾರಿಸಿಲ್ಲ.

ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ? ಕ್ಯಾಮ್ ಪುಲ್ಲಿಗೆ 40 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ ಕ್ಯಾಮ್ ಲೆಕ್ಕದಲ್ಲಿ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಇಂಜಿನ್ ನಡುಗುತ್ತದೆ, ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ. ಎರಡು ಮೂರು ಹಲ್ಲು ತಪ್ಪಿದರೆ, ಅಥವಾ ಬೆಲ್ಟು ಕಡಿದೇ ಹೋದರೆ, ಇಂಜಿನ್ನಿನ ವಿನ್ಯಾಸದ ಮೇಲೆ ಎಲ್ಲವೂ ನಿಂತಿರುತ್ತದೆ. ವಾಲ್ವ್ ಪೂರ್ತಿ ತೆರೆದಿದ್ದಾಗ ಪಿಸ್ಟನ್ ಮೇಲೆ ಬಂದರೂ ಎರಡರ ನಡುವೆ ಜಾಗ ಉಳಿಯುವ ಇಂಜಿನ್‌ಗಳಿವೆ. 1990ರ ದಶಕದ ಟೊಯೋಟಾ ಕ್ಯಾಮ್ರಿಯಲ್ಲಿದ್ದ 2.2 ಲೀಟರಿನ 5ಎಸ್-ಎಫ್‌ಇ ಅಂಥದು. ಅದರಲ್ಲಿ ಬೆಲ್ಟು ಕಡಿದರೆ ಕಾರು ನಿಲ್ಲುತ್ತದೆ, ಹೊಸ ಬೆಲ್ಟು ಹಾಕಿದರೆ ಮತ್ತೆ ಓಡುತ್ತದೆ. ಉಳಿದ ಬಹಳಷ್ಟು ಇಂಜಿನ್‌ಗಳಲ್ಲಿ ವಾಲ್ವೂ ಪಿಸ್ಟನ್ನೂ ಒಂದೇ ಜಾಗವನ್ನು ಬೇರೆ ಬೇರೆ ಕ್ಷಣಗಳಲ್ಲಿ ಬಳಸುತ್ತವೆ. ಡೀಸೆಲ್ ಇಂಜಿನ್‌ಗಳೆಲ್ಲ ಹೆಚ್ಚುಕಡಿಮೆ ಈ ಗುಂಪಿನವೇ. ಫೋಕ್ಸ್‌ವ್ಯಾಗನ್‌ನ 1.9 ಲೀಟರ್ ಟಿಡಿಐಯಲ್ಲಿ ಒತ್ತಡದ ಅನುಪಾತ 19.5ಕ್ಕೆ 1. ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಅತ್ಯಲ್ಪ. ಅಲ್ಲಿ ಬೆಲ್ಟು ಕಡಿದರೆ ವಾಲ್ವ್‌ಗಳು ಬಾಗುತ್ತವೆ, ಅವು ಕೂತಿರುವ ಸಿಲಿಂಡರ್ ಹೆಡ್ಡನ್ನು ಇಳಿಸದೆ ಬೇರೆ ದಾರಿ ಇರುವುದಿಲ್ಲ. ಹಳೆಯ ಕಾರಾದರೆ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು.

ಹಿನ್ನೆಲೆ

ಹಲ್ಲುಳ್ಳ ರಬ್ಬರ್ ಬೆಲ್ಟು ಕಾರಿಗಾಗಿ ಹುಟ್ಟಿದ್ದಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿ ಹೊಲಿಗೆ ಯಂತ್ರಗಳಲ್ಲಿ ಸೂಜಿಗೂ ಕೆಳಗಿನ ಬಾಬಿನ್ನಿಗೂ ಹೊಂದಿಕೆ ತಪ್ಪದಿರಲೆಂದು ಇದನ್ನು ರೂಪಿಸಿತು. ಇದನ್ನು ಕಾರಿನ ಇಂಜಿನ್ನಿಗೆ ತಂದು ದೊಡ್ಡ ಪ್ರಮಾಣದಲ್ಲಿ ಮಾರಿದ ಮೊದಲ ಸಂಸ್ಥೆ ಜರ್ಮನಿಯ ಬವೇರಿಯಾದ ಡಿಂಗೊಲ್ಫಿಂಗಿನಲ್ಲಿದ್ದ ಗ್ಲಾಸ್ ಎಂಬ ಸಣ್ಣ ಕಾರು ಕಂಪನಿ. ಗೊಗ್ಗೊಮೊಬಿಲ್ ಎಂಬ ಪುಟ್ಟ ಕಾರಿನಿಂದ ಹೆಸರಾಗಿದ್ದ ಈ ಕಂಪನಿ 1962ರಲ್ಲಿ ಮಾರುಕಟ್ಟೆಗೆ ತಂದ ಗ್ಲಾಸ್ 1004 ಕಾರಿನಲ್ಲಿ ಹೆಡ್ಡಿನ ಮೇಲೇರಿದ ಕ್ಯಾಮ್ ಶಾಫ್ಟನ್ನು ರಬ್ಬರ್ ಬೆಲ್ಟೇ ತಿರುಗಿಸುತ್ತಿತ್ತು. 1966ರಲ್ಲಿ ಗ್ಲಾಸ್ ಕಂಪನಿ ಬಿಎಂಡಬ್ಲ್ಯು ಪಾಲಾಯಿತು. ಅದೇ ವರ್ಷ ಅಮೆರಿಕದಲ್ಲಿ ಪಾಂಟಿಯಾಕ್ ಆರು ಸಿಲಿಂಡರಿನ ಇಂಜಿನ್ನಿಗೂ, ಇಟಲಿಯಲ್ಲಿ ಅವ್ರೇಲಿಯೊ ಲ್ಯಾಂಪ್ರೆಡಿ ರೂಪಿಸಿದ ಫಿಯಾಟ್‌ನ ಎರಡು ಕ್ಯಾಮ್‌ಗಳ ಇಂಜಿನ್ನಿಗೂ ಬೆಲ್ಟು ಬಂದಿತು. 1972ರ ಆಡಿ 80ರ ಜೊತೆ ಬಂದ ಇಂಜಿನ್ ಸಂತತಿಯಿಂದ ಮುಂದೆ ಫೋಕ್ಸ್‌ವ್ಯಾಗನ್ ಸಮೂಹದ ಅಸಂಖ್ಯ ಪೆಟ್ರೋಲ್, ಡೀಸೆಲ್ ಇಂಜಿನ್‌ಗಳು ಹುಟ್ಟಿದವು.

ಚೈನಿಗಿಂತ ಬೆಲ್ಟು ಹಗುರ, ಅಗ್ಗ, ಸದ್ದಿಲ್ಲದ್ದು. ಅದಕ್ಕೆ ಎಣ್ಣೆಯ ಸ್ನಾನ ಬೇಡ. ಪ್ರತಿಯಾಗಿ ಅದಕ್ಕೆ ಆಯುಸ್ಸಿನ ಮಿತಿ ಇದೆ. ಮೊದಮೊದಲು ನಿಯೋಪ್ರೀನ್ ರಬ್ಬರಿನಿಂದ ಮಾಡುತ್ತಿದ್ದ ಬೆಲ್ಟುಗಳು ಬಿಸಿಗೆ ಬೇಗ ಸೀಳುತ್ತಿದ್ದವು. 1980ರ ದಶಕದಿಂದ ಹೈಡ್ರೋಜನೀಕರಿಸಿದ ನೈಟ್ರೈಲ್ ರಬ್ಬರ್ ಆ ಜಾಗಕ್ಕೆ ಬಂದು ಆಯುಸ್ಸು ಹೆಚ್ಚಿತು. ಬೆಲ್ಟಿನ ಬಲ ಇರುವುದು ರಬ್ಬರಿನಲ್ಲಲ್ಲ, ಅದರೊಳಗೆ ಉದ್ದಕ್ಕೂ ಸುತ್ತಿದ ಗಾಜಿನ ನಾರಿನ ಎಳೆಗಳಲ್ಲಿ. ಹಲ್ಲಿನ ಮೈಗೆ ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ. ಗಾಜಿನ ನಾರು ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಮಡಿಕೆಯನ್ನು ತಡೆಯುವುದಿಲ್ಲ. ಹೊಸ ಬೆಲ್ಟನ್ನು ಬೆರಳಲ್ಲಿ ಹಿಂಡಿ ಮಡಿಸುವುದು, ಒಳಮೈ ಹೊರಮೈ ತಿರುಚಿ ನೋಡುವುದು, ಜಾಗಕ್ಕೆ ಸೇರಿಸಲು ಸ್ಕ್ರೂಡ್ರೈವರಿನಿಂದ ಮೀಟುವುದು ಇವೆಲ್ಲ ಒಳಗಿನ ಎಳೆಗಳನ್ನು ಕಣ್ಣಿಗೆ ಕಾಣದಂತೆ ಮುರಿಯುತ್ತವೆ. ಅಂಥ ಬೆಲ್ಟು ತಿಂಗಳುಗಟ್ಟಲೆ ಸರಿಯಾಗಿ ಓಡಿ ಆಮೇಲೆ ಕಡಿಯಬಹುದು.

ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಮೆಕ್ಯಾನಿಕ್‌ಗಳು ಕಂಡದ್ದು ಚೈನನ್ನು. ಮನೆಮನೆಗೂ ಟೈಮಿಂಗ್ ಬೆಲ್ಟಿನ ಇಂಜಿನ್ ಬಂದದ್ದು 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರ ಮೂಲಕ. ಅದರ 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ ಓಮ್ನಿಯನ್ನೂ ಎಳೆಯಿತು. ಝೆನ್, ಸ್ಯಾಂಟ್ರೊ, ಇಂಡಿಕಾ ಡೀಸೆಲ್‌ಗಳಲ್ಲೂ ಬೆಲ್ಟೇ ಇತ್ತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬಂದ ಕ್ವಾಲಿಸ್, 2005ರಿಂದ ಅದರ ಜಾಗ ಹಿಡಿದ ಇನ್ನೋವಾ ಎರಡೂ ಬೆಲ್ಟಿನ ಡೀಸೆಲ್‌ಗಳು. 2016ರ ಇನ್ನೋವಾ ಕ್ರಿಸ್ಟಾದ ಡೀಸೆಲ್ ಇಂಜಿನ್ ಚೈನಿಗೆ ಮರಳಿತು. ಮಾರುತಿಯ ಕೆ ಸರಣಿ, ಸ್ವಿಫ್ಟ್ ಡೀಸೆಲ್ಲಿನಲ್ಲಿದ್ದ ಫಿಯಾಟ್ ಮೂಲದ 1.3 ಲೀಟರ್ ಇಂಜಿನ್ ಇವು ಚೈನಿನವೇ. ಹಾಗಾಗಿ ತನ್ನ ಕಾರಿನಲ್ಲಿ ಇರುವುದು ಯಾವುದು ಎಂದು ಓನರ್ಸ್ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳುವುದೇ ಮೊದಲ ಹೆಜ್ಜೆ. ಹೊರಗೆ ಕಾಣುವ ಫ್ಯಾನ್ ಬೆಲ್ಟನ್ನೇ ಟೈಮಿಂಗ್ ಬೆಲ್ಟೆಂದು ತಿಳಿದವರು ಇಂದಿಗೂ ಬೇಕಾದಷ್ಟು ಜನ ಇದ್ದಾರೆ.

ಪಂಪು ಜೊತೆಗೇಕೆ

ವಾಟರ್ ಪಂಪ್ ಸರಳ ಯಂತ್ರ. ಒಂದು ತುದಿಯಲ್ಲಿ ಪುಲ್ಲಿ, ಇನ್ನೊಂದು ತುದಿಯಲ್ಲಿ ಕೂಲೆಂಟಿನೊಳಗೆ ತಿರುಗುವ ರೆಕ್ಕೆಯ ಚಕ್ರ, ನಡುವೆ ಬೇರಿಂಗ್ ಮತ್ತು ಸೀಲ್. ಈ ಸೀಲಿನಲ್ಲಿ ನುಣುಪಾದ ಎರಡು ಗಟ್ಟಿ ಮೈಗಳು ಒಂದರ ಮೇಲೊಂದು ಉಜ್ಜುತ್ತ ತಿರುಗುತ್ತವೆ, ಅವಕ್ಕೆ ಜಾರುಗೊಡುವುದು ಕೂಲೆಂಟೇ. ಕೂಲೆಂಟಿನ ಬದಲು ಬರೀ ಬೋರ್‌ವೆಲ್ ನೀರು ತುಂಬಿ ಓಡಿಸಿದ ಕಾರುಗಳಲ್ಲಿ ಸುಣ್ಣದ ಪೊರೆ, ತುಕ್ಕಿನ ಕಣ ಈ ಮೈಗಳನ್ನು ಗೀರುತ್ತವೆ. ನಮ್ಮ ಬಯಲುಸೀಮೆಯ ಗಡಸು ನೀರು ಪಂಪಿಗೂ ರೇಡಿಯೇಟರಿಗೂ ಒಂದೇ ರೀತಿ ಶತ್ರು. ಸೀಲ್ ಸವೆದಾಗ ಸೋರಿದ ಕೂಲೆಂಟ್ ಬೇರಿಂಗಿಗೆ ಹೋಗದಿರಲೆಂದು ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತಿನ ಕೆಳಗೆ ಬಿಳಿ ಅಥವಾ ಗುಲಾಬಿ ಕಲೆ ಒಣಗಿ ಗಟ್ಟಿಯಾಗಿದ್ದರೆ ಪಂಪಿನ ದಿನ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು.

ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಇಂಜಿನ್ನಿನಲ್ಲಿ ಈ ಸೋರಿಕೆ ಬೆಲ್ಟಿನ ಮೇಲೆ ಬೀಳುತ್ತದೆ. ಬೇರಿಂಗ್ ಅಲುಗಾಡಿದರೆ ಬೆಲ್ಟು ಓರೆಯಾಗಿ ಅಂಚು ತಿನ್ನುತ್ತದೆ. ಪಂಪು ಸೀಜ್ ಆದರೆ ಬೆಲ್ಟಿನ ಹಲ್ಲುಗಳು ಕಿತ್ತುಬರುತ್ತವೆ. ಹೊಸ ಬೆಲ್ಟು ಹಾಕಿ ಹಳೆಯ ಪಂಪನ್ನು ಉಳಿಸಿದವರ ಇಂಜಿನ್ ಕೆಟ್ಟದ್ದು ಬೆಲ್ಟಿನಿಂದಲ್ಲ, ಪಂಪಿನಿಂದ ಎಂಬುದು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದರ ದಾರಿ ತಿರುಗಿಸುವ ಐಡ್ಲರ್ ರೋಲರುಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳ ಒಳಗಿರುವುದೂ ಅಷ್ಟೇ ಕಿಲೋಮೀಟರ್ ಓಡಿದ ಬೇರಿಂಗುಗಳೇ. ಬೆಲ್ಟು, ಟೆನ್ಷನರ್, ರೋಲರುಗಳು, ಪಂಪು ಎಲ್ಲವೂ ಸೇರಿದ ಕಿಟ್‌ಗಳನ್ನು ಗೇಟ್ಸ್, ಕಾಂಟಿಟೆಕ್, ಡೇಕೊ ಮೊದಲಾದವರು ಮಾರುವುದು ಇದಕ್ಕಾಗಿ.

ಎಲ್ಲ ಇಂಜಿನ್‌ಗಳೂ ಹೀಗಲ್ಲ. ಹಳೆಯ ಇನ್ನೋವಾ ಡೀಸೆಲ್ಲಿನಲ್ಲಿ ಪಂಪನ್ನು ಹೊರಗಿನ ಬೆಲ್ಟು ತಿರುಗಿಸುತ್ತದೆ, ಟೈಮಿಂಗ್ ಬೆಲ್ಟು ಬದಲಿಸಲು ಕ್ರ್ಯಾಂಕ್ ಪುಲ್ಲಿಯನ್ನೂ ಮುಟ್ಟಬೇಕಿಲ್ಲ. ಅಲ್ಲಿ ಎರಡನ್ನೂ ಬೇರೆ ಬೇರೆ ಕಾಲಕ್ಕೆ ಬದಲಿಸಬಹುದು. ಡಸ್ಟರ್, ಟೆರಾನೊ, ಸನ್ನಿ ಡೀಸೆಲ್‌ಗಳಲ್ಲಿದ್ದ ರೆನೊ 1.5 ಲೀಟರ್ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟೇ ಪಂಪನ್ನೂ ತಿರುಗಿಸುತ್ತದೆ, ಆದ್ದರಿಂದ ಅಲ್ಲಿ ಒಟ್ಟಿಗೇ ಆಗಬೇಕು.

ಯಾವಾಗ

ಕಂಪನಿ ಎರಡು ಅಂಕಿ ಕೊಡುತ್ತದೆ: ಇಷ್ಟು ಕಿಲೋಮೀಟರ್, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಹೋಂಡಾ ತನ್ನ ವಿ6 ಇಂಜಿನ್ನಿಗೆ ಅಮೆರಿಕದಲ್ಲಿ ಹಲವು ವರ್ಷ ಹೇಳಿದ್ದು 1,05,000 ಮೈಲಿ ಅಥವಾ 7 ವರ್ಷ. ಬಿಸಿಲು, ದೂಳು, ಟ್ರಾಫಿಕ್ಕಿನಲ್ಲಿ ನಿಂತೇ ಓಡುವ ಇಂಜಿನ್ ಇವುಗಳಿಂದ ಅವಧಿ ಕಡಿಮೆಯಾಗುತ್ತದೆಂದು ಕಂಪನಿಗಳೇ ಬರೆಯುತ್ತವೆ. ವರ್ಷದ ಮಿತಿಯನ್ನು ಹೆಚ್ಚಿನವರು ಮರೆಯುತ್ತಾರೆ. ಹತ್ತು ವರ್ಷದಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದ ಕಾರಿನ ಬೆಲ್ಟೂ ಮುದಿಯಾಗಿರುತ್ತದೆ, ರಬ್ಬರು ನಿಂತಲ್ಲೇ ಗಡುಸಾಗುತ್ತದೆ. ಕೆಲವು ಟೊಯೋಟಾ ಡೀಸೆಲ್‌ಗಳಲ್ಲಿ ನಿಗದಿತ ದೂರ ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ದೀಪ ಹೊತ್ತಿಕೊಳ್ಳುತ್ತದೆ. ಅದು ಬೆಲ್ಟನ್ನು ಪರೀಕ್ಷಿಸಿ ಹೊತ್ತುವುದಲ್ಲ, ಬರೀ ದೂರ ಎಣಿಸಿ ಹೊತ್ತುವುದು.

ಕಣ್ಣಿಗೆ ಕಾಣುವ ಲಕ್ಷಣಗಳನ್ನು ನಂಬಿ ಕಾಯುವುದು ಅಪಾಯಕರ. ಬಿರುಕು, ಅಂಚಿನಲ್ಲಿ ಹೊರಬಂದ ನೂಲು, ಎಣ್ಣೆಯಲ್ಲಿ ನೆನೆದ ಮೈ, ಹೊಳಪೇರಿದ ಹಿಂಬದಿ ಇವು ಕಂಡರೆ ಬೆಲ್ಟು ಹೋಯಿತೆಂದೇ ಅರ್ಥ. ಆದರೆ ಇವೇನೂ ಕಾಣದಿದ್ದರೆ ಬೆಲ್ಟು ಚೆನ್ನಾಗಿದೆ ಎಂದು ಅರ್ಥವಲ್ಲ. ಈಗಿನ ರಬ್ಬರು ಹೊರಗೆ ಬಿರುಕು ತೋರಿಸದೆಯೇ ಒಳಗಿನ ಎಳೆಯಲ್ಲಿ ದಣಿಯುತ್ತದೆ.

ಮನೆಯಲ್ಲಿ ಮಾಡುವ ರೂಢಿ

ಕಾರನ್ನು ಮನೆಯಲ್ಲೇ ಬಿಚ್ಚುವ ರೂಢಿ ಬೆಳೆದದ್ದು ಮಜೂರಿ ದುಬಾರಿಯಾದ ದೇಶಗಳಲ್ಲಿ. ಅದಕ್ಕೆ ಪುಸ್ತಕದ ಬಲ ಕೊಟ್ಟವರು ಇಂಗ್ಲೆಂಡಿನ ಜಾನ್ ಹೇನ್ಸ್. ಬ್ರಿಟಿಷ್ ವಾಯುಪಡೆಯ ಕೆಲಸದ ಮೇಲೆ ಏಡನ್ನಿನಲ್ಲಿದ್ದಾಗ ಗೆಳೆಯನೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಕಟ್ಟುವಾಗ, ಕಂಪನಿಯ ಕೈಪಿಡಿ ಸಾಮಾನ್ಯ ಮಾಲೀಕನಿಗೆ ಅರ್ಥವಾಗುವಂಥದಲ್ಲವೆಂದು ಅವರು ಕಂಡುಕೊಂಡರು. ಹೆಜ್ಜೆಹೆಜ್ಜೆಗೂ ಫೋಟೊ ತೆಗೆದು 1966ರಲ್ಲಿ ಮೊದಲ ಹೇನ್ಸ್ ಕೈಪಿಡಿಯನ್ನು ಹೊರತಂದರು. ಅಮೆರಿಕದಲ್ಲಿ ಬಿಡಿಭಾಗದ ದೊಡ್ಡ ಅಂಗಡಿಗಳು ಠೇವಣಿ ಇಟ್ಟುಕೊಂಡು ವಿಶೇಷ ಸಲಕರಣೆಗಳನ್ನು ಕೊಡುತ್ತವೆ, ಕೆಲಸ ಮುಗಿಸಿ ಹಿಂದಿರುಗಿಸಿದರೆ ಠೇವಣಿ ವಾಪಸು. ನಮ್ಮಲ್ಲಿ ಅಂಥ ಏರ್ಪಾಡು ಬೆಳೆದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಭಾಗಗಳು ಧಾರಾಳವಾಗಿ ಸಿಗುತ್ತವೆ, ಅವುಗಳ ಜೊತೆಗೇ ನಕಲಿ ಮಾಲೂ ಇರುತ್ತದೆ. ನಕಲಿ ಬೆಲ್ಟಿನಿಂದ ಉಳಿಯುವ ಹಣ ಕೆಲವು ನೂರು ರೂಪಾಯಿ, ಕಳೆಯುವುದು ಇಡೀ ಹೆಡ್. ಭಾಗ ಕೊಳ್ಳುವಾಗ ಇಂಜಿನ್ ನಂಬರು, ತಯಾರಿಕೆಯ ವರ್ಷ ಎರಡನ್ನೂ ಹೇಳಿ, ಮೊಹರು ಒಡೆಯದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಬೇಕು.

ಬೇಕಾಗುವ ಸಲಕರಣೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಟಾರ್ಕ್ ರೆಂಚ್. ಪಂಪಿನ ಸಣ್ಣ ಬೋಲ್ಟುಗಳು ಕುಳಿತಿರುವುದು ಅಲ್ಯೂಮಿನಿಯಂ ಅಥವಾ ಎರಕದ ಕಬ್ಬಿಣದ ತೂತುಗಳಲ್ಲಿ. ಕೈಯಂದಾಜಿನಲ್ಲಿ ಹೆಚ್ಚು ಬಿಗಿದರೆ ತೂತಿನ ಥ್ರೆಡ್ ಕಿತ್ತುಬರುತ್ತದೆ, ಕಡಿಮೆ ಬಿಗಿದರೆ ಸೋರುತ್ತದೆ. ಎರಡನೆಯದು ಆ ಇಂಜಿನ್ನಿಗೇ ಮಾಡಿದ ಲಾಕಿಂಗ್ ಸೆಟ್, ಅಂದರೆ ಕ್ಯಾಮನ್ನೂ ಕ್ರ್ಯಾಂಕನ್ನೂ ಹಿಡಿದಿಡುವ ಪಿನ್ನು ಮತ್ತು ಪಟ್ಟಿಗಳು. ಜಾಕಿನ ಜೊತೆ ಗಟ್ಟಿಮುಟ್ಟಾದ ಸ್ಟ್ಯಾಂಡು ಬೇಕೇ ಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಾಗಲಿ ಕೈಯಾಗಲಿ ಹೋಗಬಾರದು. ನೆಲ ಸಮತಟ್ಟಾದ ಕಾಂಕ್ರೀಟಿನದಾಗಿರಬೇಕು. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ.

ಕೆಲಸ: ಆಕ್ಟೇವಿಯಾದ 1.9 ಟಿಡಿಐ

2001ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾದಲ್ಲಿರುವ, ಮೇಲೆ ಹೇಳಿದ ಫೋಕ್ಸ್‌ವ್ಯಾಗನ್‌ನ 1.9 ಲೀಟರ್, 90 ಅಶ್ವಶಕ್ತಿಯ ಡೀಸೆಲ್ ಇಂಜಿನ್ ಈ ಕೆಲಸ ಕಲಿಯಲು ಒಳ್ಳೆಯ ಮಾದರಿ. ಅದರಲ್ಲಿ ಒಂದೇ ಬೆಲ್ಟು ಕ್ಯಾಮ್, ಬಾಷ್ ಡೀಸೆಲ್ ಪಂಪ್, ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತದೆ. ಆದ್ದರಿಂದ ಕಾಪಾಡಬೇಕಾದ ಕೋನಗಳು ಎರಡು: ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನದು, ಕ್ರ್ಯಾಂಕಿಗೂ ಡೀಸೆಲ್ ಪಂಪಿಗೂ ನಡುವಿನದು.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇಂಜಿನ್ನಿನ ಕೂಲೆಂಟ್ ಮುಚ್ಚಳ ತೆರೆದರೆ ಸುಟ್ಟುಕೊಳ್ಳುತ್ತೇವೆ, ಬಿಗಿತದ ಅಳತೆಗಳೂ ತಣ್ಣನೆಯ ಇಂಜಿನ್ನಿಗೆ ಹೇಳಿದವು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಲಗಡೆಯ ಚಕ್ರವನ್ನೂ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನೂ ಬಿಚ್ಚಬೇಕು. ಕೂಲೆಂಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿಯಬೇಕು. ಹೊರಗಿನ ಬೆಲ್ಟನ್ನು ತೆಗೆಯುವ ಮೊದಲು ಅದು ಯಾವ ಪುಲ್ಲಿಯ ಸುತ್ತ ಹೇಗೆ ಹೋಗಿದೆ ಎಂದು ಫೋನಿನಲ್ಲಿ ಚಿತ್ರ ತೆಗೆದಿಡುವುದು ಒಳ್ಳೆಯದು. ಬಿಚ್ಚಿದ ಬೋಲ್ಟುಗಳನ್ನು ಭಾಗದ ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕು. ಉದ್ದ ಗಿಡ್ಡ ಅದಲುಬದಲಾದರೆ ಗಿಡ್ಡ ತೂತಿಗೆ ಉದ್ದ ಬೋಲ್ಟು ಹೋಗಿ ಒಳಗಿನದನ್ನು ಒಡೆಯುತ್ತದೆ.

ಮುಂದಿನದು ಈ ಕಾರಿನ ತೊಡಕಿನ ಭಾಗ. ಬಲಗಡೆಯ ಇಂಜಿನ್ ಮೌಂಟ್ ಬೆಲ್ಟಿನ ದಾರಿಗೇ ಅಡ್ಡ ನಿಂತಿದೆ. ಅದನ್ನು ಬಿಚ್ಚುವ ಮೊದಲು ಇಂಜಿನ್ನಿನ ಭಾರವನ್ನು ಮೇಲಿನಿಂದ ತೊಲೆಗೆ ಕಟ್ಟಿಯೋ, ಕೆಳಗಿನಿಂದ ಜಾಕಿನ ಮೇಲೆ ದಪ್ಪ ಮರದ ಹಲಗೆಯಿಟ್ಟೋ ಹೊರಿಸಬೇಕು. ಹಲಗೆಯಿಲ್ಲದೆ ಜಾಕನ್ನು ನೇರವಾಗಿ ಆಯಿಲ್ ಪ್ಯಾನಿಗೆ ಕೊಟ್ಟರೆ ಪ್ಯಾನ್ ಒಡೆಯುತ್ತದೆ. ಬ್ಲಾಕಿಗೆ ಸೇರಿದ ಬ್ರ್ಯಾಕೆಟ್ಟಿನ ಬೋಲ್ಟುಗಳು ಕೈಗೆಟುಕಬೇಕಾದರೆ ಇಂಜಿನ್ನನ್ನು ಸ್ವಲ್ಪ ಎತ್ತಬೇಕು, ಸ್ವಲ್ಪ ಇಳಿಸಬೇಕು, ಮತ್ತೆ ಎತ್ತಬೇಕು. ಹೊಸಬರಿಗೆ ಅರ್ಧ ದಿನ ಹೋಗುವುದು ಇಲ್ಲಿಯೇ. ಮೌಂಟಿನ ಬೋಲ್ಟುಗಳನ್ನು ನಿಗದಿತ ಬಿಗಿ ಬಂದ ಮೇಲೆ ಇನ್ನೂ ಇಷ್ಟು ಡಿಗ್ರಿ ತಿರುಗಿಸಿ ಹಿಗ್ಗಿಸಿರುತ್ತಾರೆ. ಒಮ್ಮೆ ಹಿಗ್ಗಿದ ಬೋಲ್ಟನ್ನು ಮತ್ತೆ ಬಳಸಬಾರದು, ಹೊಸದನ್ನೇ ತರಬೇಕು. ಕ್ರ್ಯಾಂಕ್ ಪುಲ್ಲಿ ಇಲ್ಲಿ ನಾಲ್ಕು ಸಣ್ಣ ಬೋಲ್ಟುಗಳಿಂದ ನಿಂತಿದೆ, ನಡುವಿನ ದೊಡ್ಡ ಬೋಲ್ಟನ್ನು ಮುಟ್ಟುವ ಅಗತ್ಯವಿಲ್ಲ. ಇದು ಈ ಇಂಜಿನ್ನಿನ ದೊಡ್ಡ ಅನುಕೂಲ. ಹೋಂಡಾ ವಿ6ನಲ್ಲಿ ಇದೇ ಜಾಗದ ಒಂದೇ ಬೋಲ್ಟು ವರ್ಷಗಟ್ಟಲೆ ಕಚ್ಚಿ ಕೂತು, ಪುಲ್ಲಿಯನ್ನು ಹಿಡಿದಿಡಲು ಪ್ರತ್ಯೇಕ ಸಲಕರಣೆಯನ್ನೇ ಕೇಳುತ್ತದೆ.

ಕವರುಗಳು ಹೋದ ಮೇಲೆ ಇಂಜಿನ್ನನ್ನು ಕ್ರ್ಯಾಂಕಿನ ನಡುವಿನ ಬೋಲ್ಟಿನ ಮೇಲೆ ಸಾಕೆಟ್ ಹಾಕಿ, ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಬೇಕು. ಆಕ್ಟೇವಿಯಾದಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ಎಲ್ಲ ಇಂಜಿನ್ನೂ ಹಾಗೆ ತಿರುಗುವುದಿಲ್ಲ. 1990ರ ದಶಕದ ಹೋಂಡಾ ಸಿವಿಕ್ಕಿನ ಡಿ ಸರಣಿಯ ಇಂಜಿನ್ ತಿರುಗುವುದು ಎದುರು ದಿಕ್ಕಿಗೆ. ಗೇರ್‌ಬಾಕ್ಸಿನ ಮೇಲಿನ ಸಣ್ಣ ಕಿಂಡಿಯಲ್ಲಿ ಫ್ಲೈವೀಲಿನ ಗುರುತು ಕಂಡಾಗ ಒಂದನೇ ಸಿಲಿಂಡರಿನ ಪಿಸ್ಟನ್ ತುತ್ತತುದಿಯಲ್ಲಿದೆ. ವಾಲ್ವ್ ಕವರನ್ನೂ ಕ್ಯಾಮಿನ ಹಿಂತುದಿಯಲ್ಲಿರುವ ಬ್ರೇಕಿನ ವ್ಯಾಕ್ಯೂಮ್ ಪಂಪನ್ನೂ ತೆಗೆದರೆ ಕ್ಯಾಮಿನ ತುದಿಯಲ್ಲಿ ಒಂದು ಸೀಳು ಕಾಣುತ್ತದೆ. ಅದರೊಳಗೆ ಉಕ್ಕಿನ ಪಟ್ಟಿ ಸೇರಿಸಿ, ಪಟ್ಟಿಯ ಎರಡೂ ತುದಿ ಹೆಡ್ಡಿನ ಮೈಗೆ ಸಮವಾಗುವಂತೆ ಫೀಲರ್ ಗೇಜಿನ ತಗಡುಗಳನ್ನು ತೂರಿಸಬೇಕು. ಡೀಸೆಲ್ ಪಂಪಿನ ಪುಲ್ಲಿಯ ತೂತಿಗೆ ಪಿನ್ನು ಹಾಕಬೇಕು. ಈಗ ಮೂರೂ ಶಾಫ್ಟುಗಳು ತಮ್ಮ ಜಾಗದಲ್ಲಿ ನಿಂತಂತಾಯಿತು.

ಇಲ್ಲಿ ಈ ಇಂಜಿನ್ನಿನ ವಿನ್ಯಾಸದ ಜಾಣ್ಮೆಯೊಂದಿದೆ. ಕ್ಯಾಮ್ ಪುಲ್ಲಿ ಶಾಫ್ಟಿನ ಮೇಲೆ ಕೀಲಿಯಿಂದ ಕೂತಿಲ್ಲ, ಓರೆಯಾದ ಕೊನೆಯ ಮೇಲೆ ಬೋಲ್ಟಿನ ಒತ್ತಡದಿಂದ ಮಾತ್ರ ಹಿಡಿದಿದೆ. ಬೋಲ್ಟು ಸಡಿಲಿಸಿ, ಪುಲ್ಲರ್ ಬಳಸಿ ಪುಲ್ಲಿಯನ್ನು ಬಿಡಿಸಿದರೆ ಅದು ಶಾಫ್ಟಿನ ಮೇಲೆ ಸ್ವತಂತ್ರವಾಗಿ ತಿರುಗುತ್ತದೆ. ಹೊಸ ಬೆಲ್ಟು ಹಾಕಿ ಟೆನ್ಷನರ್ ಬಿಗಿಯುವಾಗ ಬೆಲ್ಟಿನ ಎಳೆತಕ್ಕೆ ಪುಲ್ಲಿ ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ, ಪಟ್ಟಿಯಲ್ಲಿ ಸಿಕ್ಕಿರುವ ಕ್ಯಾಮ್ ಅಲುಗುವುದಿಲ್ಲ. ಬಿಗಿತ ಸರಿಯಾದ ಮೇಲೆ ಬೋಲ್ಟನ್ನು 45 ನ್ಯೂಟನ್ ಮೀಟರಿಗೆ ಬಿಗಿದರೆ ಕೋನ ಅಲ್ಲಿಗೆ ಸ್ಥಿರ. ಈ ಬೋಲ್ಟು ಬಿಚ್ಚುವಾಗಲೂ ಬಿಗಿಯುವಾಗಲೂ ಪುಲ್ಲಿಯನ್ನು ಬೇರೆ ಹಿಡಿಯಿಂದ ಹಿಡಿಯಬೇಕು. ಲಾಕಿಂಗ್ ಪಟ್ಟಿಯ ಆಸರೆಯಲ್ಲೇ ಬಲ ಹಾಕಿದರೆ ಕ್ಯಾಮಿನ ತುದಿ ಮುರಿಯಬಹುದು. ಪಟ್ಟಿ ಇರುವುದು ಕೋನ ತೋರಿಸಲಿಕ್ಕೆ, ಬಲ ತಡೆಯಲಿಕ್ಕಲ್ಲ.

ಟೆನ್ಷನರ್ ಸಡಿಲಿಸಿ ಹಳೆಯ ಬೆಲ್ಟು ತೆಗೆದ ಕ್ಷಣದಿಂದ ಹೊಸದು ಕೂರುವವರೆಗೆ ಯಾವ ಶಾಫ್ಟನ್ನೂ ತಿರುಗಿಸಬಾರದು. ಈಗ ವಾಟರ್ ಪಂಪಿನ ಮೂರು ಬೋಲ್ಟು ಬಿಚ್ಚಿದರೆ ಅದು ಹೊರಬರುತ್ತದೆ, ಬ್ಲಾಕಿನಲ್ಲಿ ಉಳಿದಿದ್ದ ಕೂಲೆಂಟೂ ಜೊತೆಗೇ ಸುರಿಯುತ್ತದೆ. ಕ್ರ್ಯಾಂಕಿನ ಪುಲ್ಲಿಯನ್ನು ಮೊದಲೇ ಬಟ್ಟೆಯಿಂದ ಮುಚ್ಚಿಟ್ಟಿರಬೇಕು. ಪಂಪು ಕೂರುವ ಮೈಯನ್ನು ಹಳೆಯ ಪೊರೆ, ತುಕ್ಕು ಇಲ್ಲದಂತೆ ಒರೆಸಬೇಕು, ಗೀರು ಬೀಳುವಂತೆ ಕೆರೆಯಬಾರದು. ಹೊಸ ಓ-ರಿಂಗನ್ನು ಕೂಲೆಂಟಿನಿಂದ ಒದ್ದೆ ಮಾಡಿ ಕೂರಿಸಿ, ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು 15 ನ್ಯೂಟನ್ ಮೀಟರಿಗೆ ನಿಲ್ಲಿಸಬೇಕು. ಓ-ರಿಂಗ್ ಇರುವಲ್ಲಿ ಸಿಲಿಕಾನ್ ಅಂಟು ಬೇಡ. ಹಿಂಡಿ ಹೊರಬಂದ ಅಂಟು ಕೂಲೆಂಟಿನ ಸಣ್ಣ ದಾರಿಗಳನ್ನು ಕಟ್ಟುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕೆಲವು ಹಳೆಯ ಪಂಪುಗಳ ಪ್ಲಾಸ್ಟಿಕ್ ರೆಕ್ಕೆ ಒಡೆದು, ಪುಲ್ಲಿ ತಿರುಗಿದರೂ ಕೂಲೆಂಟ್ ಸುತ್ತದೆ ಇಂಜಿನ್ ಕಾದದ್ದುಂಟು. ಆದ್ದರಿಂದ ಲೋಹದ ರೆಕ್ಕೆಯ ಪಂಪನ್ನು ಆರಿಸುವುದು ವಾಸಿ. ಕ್ಯಾಮ್, ಕ್ರ್ಯಾಂಕ್‌ಗಳ ಆಯಿಲ್ ಸೀಲಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಬದಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಹೊಸ ರೋಲರು, ಟೆನ್ಷನರ್ ಹಾಕಿದ ಮೇಲೆ ಬೆಲ್ಟನ್ನು ಕ್ರ್ಯಾಂಕಿನಿಂದ ಶುರುಮಾಡಿ ಪುಲ್ಲಿಯಿಂದ ಪುಲ್ಲಿಗೆ ಕೈಯಿಂದಲೇ ಜಾರಿಸಬೇಕು. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಬರಬೇಕು. ಟೆನ್ಷನರಿನ ಅಕ್ಷ ಅದರ ನಡುವಿನಿಂದ ಒಂದಿಷ್ಟು ಬದಿಗೆ ಸರಿದಿದೆ. ಅದರ ಎರಡು ತೂತಿಗೆ ಸಲಕರಣೆ ಕೊಟ್ಟು ತಿರುಗಿಸುತ್ತ, ಅದರ ಮೇಲಿನ ಗುರುತುಗಳೆರಡೂ ಎದುರುಬದುರಾದಾಗ ನಿಲ್ಲಿಸಿ ನಟ್ಟು ಬಿಗಿಯಬೇಕು. ಬೆಲ್ಟನ್ನು ಹೆಬ್ಬೆರಳಲ್ಲಿ ತಿರುಚಿ ಬಿಗಿತ ಅಂದಾಜಿಸುವ ಹಳೆಯ ಪದ್ಧತಿ ಇಂಥ ಟೆನ್ಷನರಿಗೆ ಸಲ್ಲದು.

ಆಮೇಲೆ ಪಿನ್ನು, ಪಟ್ಟಿ ಎಲ್ಲ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಪಟ್ಟಿಯೂ ಪಿನ್ನೂ ಬಲವಿಲ್ಲದೆ ಮತ್ತೆ ಒಳಗೆ ಹೋದರೆ ಕೋನ ಸರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಕೈಯಲ್ಲಿ ತಾಗಿದರೆ ಇಂಜಿನ್ ಉಳಿಯುತ್ತದೆ, ಸ್ಟಾರ್ಟರ್ ತಾಗಿಸಿದರೆ ಉಳಿಯುವುದಿಲ್ಲ. ಈ ಎರಡು ಸುತ್ತನ್ನು ತಪ್ಪಿಸಿ ನೇರವಾಗಿ ಚಾವಿ ತಿರುಗಿಸುವುದಕ್ಕೆ ಯಾವ ಅವಸರವೂ ಕಾರಣವಾಗಬಾರದು. ಕೆಲವು ಬೇರೆ ಇಂಜಿನ್ನುಗಳ ಹೊಸ ಬೆಲ್ಟಿನ ಮೇಲೆ ಬಣ್ಣದ ಗೆರೆಗಳಿರುತ್ತವೆ, ತಿರುಗಿಸಿದ ಮೇಲೆ ಅವು ಪುಲ್ಲಿಯ ಗುರುತಿಗೆ ಕೂಡುವುದಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಆ ಗೆರೆಗಳು ಕೂರಿಸುವ ಹೊತ್ತಿಗೆ ಮಾತ್ರ. ಬೆಲ್ಟಿನ ಹಲ್ಲಿನ ಸಂಖ್ಯೆಗೂ ಪುಲ್ಲಿಯ ಹಲ್ಲಿನ ಸಂಖ್ಯೆಗೂ ಸರಿಯಾದ ಭಾಗಾಕಾರ ಇಲ್ಲದ್ದರಿಂದ ಅವು ಮತ್ತೆ ಕೂಡಲು ಹಲವಾರು ಸುತ್ತು ಬೇಕು. ನೋಡಬೇಕಾದದ್ದು ಪುಲ್ಲಿ ಮತ್ತು ಬ್ಲಾಕಿನ ಗುರುತುಗಳನ್ನು.

ಬಿಚ್ಚಿದ್ದೆಲ್ಲ ಎದುರು ಕ್ರಮದಲ್ಲಿ ಸೇರುತ್ತದೆ. ಚಕ್ರದ ಬೋಲ್ಟಿಗೆ ಈ ಕಾರಿನಲ್ಲಿ 120 ನ್ಯೂಟನ್ ಮೀಟರ್. ಡೀಸೆಲ್ ಪಂಪಿನ ಟೈಮಿಂಗನ್ನು ಇಂಜಿನ್ ಬಿಸಿಯಾದ ಮೇಲೆ ಕಂಪ್ಯೂಟರ್ ಜೋಡಿಸಿ ನೋಡಿ ಸೂಕ್ಷ್ಮವಾಗಿ ಹೊಂದಿಸಬೇಕಾಗುತ್ತದೆ. ಮನೆಯಲ್ಲಿ ಆ ಸೌಲಭ್ಯ ಇಲ್ಲದವರು ಅದೊಂದಕ್ಕೆ ಗ್ಯಾರೇಜಿಗೆ ಹೋಗುವುದು ಸರಿಯಾದ ದಾರಿ.

ಕೂಲೆಂಟ್

ಕಂಪನಿ ಹೇಳಿದ ಬಗೆಯ ಕೂಲೆಂಟನ್ನೇ ಡಿಸ್ಟಿಲ್ಡ್ ನೀರಿನ ಜೊತೆ ಬೆರೆಸಿ ತುಂಬಬೇಕು. ಬಣ್ಣ ನೋಡಿ ಬಗೆ ತಿಳಿಯಲಾಗದು, ಬೇರೆ ಬೇರೆ ಬಗೆಯವು ಬೆರೆತರೆ ತುಕ್ಕು ತಡೆಯುವ ಗುಣ ಕೆಡುತ್ತದೆ. ತುಂಬುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹೊಸ ಪಂಪಿನ ಸೀಲನ್ನು ಒಣಗಿಸಿ ಮೊದಲ ದಿನವೇ ಹಾಳುಮಾಡಬಲ್ಲದು. ನಿಧಾನವಾಗಿ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಇಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಬೇಕು. ತಣ್ಣಗಾದ ಮೇಲೆ ಮಟ್ಟ ಇಳಿದಿದ್ದರೆ ಮತ್ತೆ ತುಂಬಬೇಕು.

ಹಳೆಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಅಂಗಳದಲ್ಲಿ ಬಿಟ್ಟ ಪಾತ್ರೆಯಿಂದ ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಮಕ್ಕಳಿಗೂ ಅಷ್ಟೇ ಅಪಾಯ. ಚೆಲ್ಲಿದ್ದನ್ನು ಕೂಡಲೇ ನೀರು ಹಾಕಿ ತೊಳೆಯಬೇಕು, ಹಿಡಿದಿಟ್ಟದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಹಳೆಯ ಎಣ್ಣೆ ಕೂಲೆಂಟ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಒಪ್ಪಿಸಬೇಕು. ಚರಂಡಿಗೂ ತೋಟಕ್ಕೂ ಸುರಿಯುವಂತಿಲ್ಲ.

ಮನೆಗೆ ಒಗ್ಗದವು

ಫೋರ್ಡ್ ಇಕೋಸ್ಪೋರ್ಟಿನೊಂದಿಗೆ 2013ರಲ್ಲಿ ಭಾರತಕ್ಕೆ ಬಂದ 1.0 ಲೀಟರ್ ಇಕೋಬೂಸ್ಟ್ ಇಂಜಿನ್ನಿನಲ್ಲಿ ಬೆಲ್ಟು ಎಣ್ಣೆಯೊಳಗೇ ಓಡುತ್ತದೆ. ಘರ್ಷಣೆ ಕಡಿಮೆಯಾಗಲೆಂದು ಬಂದ ಈ ವಿನ್ಯಾಸದಲ್ಲಿ ಸವೆದ ರಬ್ಬರಿನ ಚೂರು ಎಣ್ಣೆ ಪಂಪಿನ ಜಾಲರಿ ಕಟ್ಟುವ ತೊಂದರೆ ಇದೆ, ಬಿಚ್ಚುವ ಕೆಲಸವೂ ಹೆಚ್ಚು ಆಳದ್ದು. ಇದನ್ನು ಮನೆಯಲ್ಲಿ ಮಾಡುವ ಸಾಹಸ ಬೇಡ. ಇನ್ನೊಂದು ಕಡೆ ವಾಟರ್ ಪಂಪೇ ಬೆಲ್ಟಿನಿಂದ ಬಿಡುಗಡೆ ಪಡೆಯುತ್ತಿದೆ: 2009ರಲ್ಲಿ ಬಂದ ಮೂರನೇ ಪೀಳಿಗೆಯ ಟೊಯೋಟಾ ಪ್ರಿಯಸ್‌ನಲ್ಲಿ ಪಂಪು ವಿದ್ಯುತ್ತಿನದು, ಕ್ಯಾಮಿಗೆ ಚೈನು, ಇಂಜಿನ್ನಿನ ಹೊರಮೈಯಲ್ಲಿ ಒಂದು ಬೆಲ್ಟೂ ಇಲ್ಲ.

ಬೆಲ್ಟಿನ ಹಳೆಯ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಸಾಕಷ್ಟಿವೆ, ಅವುಗಳಲ್ಲಿ ಹಲವು ಎರಡು ಮೂರು ಕೈ ದಾಟಿದವು. ಕೆಲಸ ಮುಗಿದ ದಿನಾಂಕ, ಕಿಲೋಮೀಟರ್, ಹಾಕಿದ ಭಾಗಗಳ ನಂಬರು ಮೂರನ್ನೂ ಬಾನೆಟ್ಟಿನ ಒಳಮೈಗೆ ಚೀಟಿ ಬರೆದು ಅಂಟಿಸಬೇಕು, ಬಿಲ್ಲುಗಳನ್ನು ಕಾರಿನ ಕಾಗದಗಳ ಜೊತೆ ಇಡಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಅಂಥ ಚೀಟಿಯೂ ಬಿಲ್ಲೂ ಸಿಗದಿದ್ದರೆ, ಮಾರಿದವರ ಬಾಯಿಮಾತಿನ ಮೇಲೆ ನಿಲ್ಲದೆ, ಬೆಲ್ಟೂ ಪಂಪೂ ಬದಲಾಗಿಲ್ಲವೆಂದೇ ಹಿಡಿದು ಮೊದಲ ದೂರ ಪ್ರಯಾಣಕ್ಕೆ ಮುಂಚೆ ಎರಡನ್ನೂ ಬದಲಿಸಬೇಕು.